ರಕ್ತದ ಮಿಥೈಲೇಶನ್ ಅಧ್ಯಯನ: 40 ಸ್ಯಾಂಪಲ್‌ಗೆ ಅರೇ ಮಾಡಿಸುವುದೋ, ಬೇರೆ ದಾರಿ ಹಿಡಿಯುವುದೋ?

ಪ್ರಶ್ನೆ: ಹೊಸಬೆಂಚು

ಎಲ್ಲರಿಗೂ ನಮಸ್ಕಾರ. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕನಾಗಿ ಸೇರಿದ್ದೇನೆ. ಪಿಎಚ್.ಡಿ. ವಿಷಯ ಹಿಸ್ಟೋನ್ ಅಸಿಟೈಲೇಶನ್, ಪೂರ್ತಿ ಸೆಲ್ ಲೈನ್ ಕೆಲಸ. ಇನ್ನು ಮುಂದೆ ಮನುಷ್ಯರ ಕಾಯಿಲೆಗಳ ಎಪಿಜೆನೆಟಿಕ್ಸ್‌ನಲ್ಲಿ ಸಂಶೋಧನೆ ಮಾಡಬೇಕು, ಅದನ್ನೇ ಪಾಠ ಮಾಡಬೇಕು ಎಂದಿದ್ದೇನೆ.

ಸೀಡ್ ಗ್ರಾಂಟ್ ಚಿಕ್ಕದು. ಈಗಿರುವ ಯೋಜನೆ: ಟೈಪ್ 2 ಮಧುಮೇಹಿಗಳು 20, ಆರೋಗ್ಯವಂತರು 20, ಒಟ್ಟು 40 ಜನರ ರಕ್ತದ ಡಿಎನ್‌ಎಯನ್ನು ಇಲ್ಯುಮಿನಾ ಎಪಿಕ್ ಅರೇಗೆ (ಡಿಎನ್‌ಎ ಮೇಲೆ ಕೂರುವ ಮಿಥೈಲ್ ಗುರುತನ್ನು, ಅಂದರೆ ಮಿಥೈಲೇಶನ್ ಅನ್ನು, ಲಕ್ಷಾಂತರ ತಾಣಗಳಲ್ಲಿ ಒಟ್ಟಿಗೆ ಅಳೆಯುವ ಚಿಪ್) ಕಳಿಸುವುದು. ಕೊಟೇಶನ್ ನೋಡಿದರೆ ಗ್ರಾಂಟ್‌ನ ಬಹುಪಾಲು ಅದಕ್ಕೇ ಹೋಗುತ್ತದೆ. ಇಲಾಖೆಯಲ್ಲಿ ಇರುವುದು ಸಾಮಾನ್ಯ ಪಿಸಿಆರ್, ಒಂದು ರಿಯಲ್-ಟೈಮ್ ಪಿಸಿಆರ್, ಜೆಲ್ ಡಾಕ್, ನ್ಯಾನೋಡ್ರಾಪ್, ಹಂಚಿಕೊಳ್ಳುವ ಮೈನಸ್ 80 ಫ್ರೀಜರ್. ಸೀಕ್ವೆನ್ಸರ್ ಇಲ್ಲ.

ಕೇಳಬೇಕಾದ್ದು: ಈ ಯೋಜನೆಯಿಂದ ಒಂದು ಗಟ್ಟಿ ಪೇಪರ್ ಬರುತ್ತದೆಯೇ? ಬರದಿದ್ದರೆ ಇದೇ ಹಣದಲ್ಲಿ ಏನು ಮಾಡಬಹುದು? ಮುಂದಿನ ಸೆಮಿಸ್ಟರ್‌ನಿಂದ ಎಂ.ಎಸ್ಸಿ.ಗೆ ಒಂದು ಐಚ್ಛಿಕ ಪತ್ರಿಕೆಯನ್ನೂ ಕೊಟ್ಟಿದ್ದಾರೆ. ಪ್ರಾಕ್ಟಿಕಲ್ ಏನು ಇಡಬಹುದು?

ಉತ್ತರ: ಬೀಟಾವ್ಯಾಲ್ಯೂ

ಸರ್, ಆರ್ಡರ್ ಹಾಕುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಈ ವಿನ್ಯಾಸಕ್ಕೆ ಹಣ ಹಾಕಬೇಡಿ. ಲೆಕ್ಕ ಇಡುತ್ತೇನೆ, ನೀವೇ ನೋಡಿ.

ಎಪಿಕ್ ಅರೇಯಲ್ಲಿ 8.5 ಲಕ್ಷಕ್ಕೂ ಹೆಚ್ಚು ಸಿಪಿಜಿ ತಾಣಗಳಿವೆ (ಸಿ ಪಕ್ಕದಲ್ಲೇ ಜಿ ಬರುವ, ಮಿಥೈಲ್ ಕೂರುವ ಜಾಗಗಳು), ಎರಡನೇ ಆವೃತ್ತಿಯಲ್ಲಿ ಸುಮಾರು 9.35 ಲಕ್ಷ. ಇಷ್ಟೊಂದು ಪರೀಕ್ಷೆ ಒಟ್ಟಿಗೆ ಮಾಡುವುದರಿಂದ ಪಿ ಮೌಲ್ಯ 9×10⁻⁸ಕ್ಕಿಂತ ಕೆಳಗಿದ್ದರೆ ಮಾತ್ರ ನಂಬುವ ರೂಢಿ ಇದೆ. ಒಂದು ತಾಣದಲ್ಲಿ ಜನರ ನಡುವಿನ ಸ್ಟ್ಯಾಂಡರ್ಡ್ ಡೀವಿಯೇಶನ್ 5% ಎಂದಿಟ್ಟುಕೊಳ್ಳಿ. ರೋಗಿಗಳಿಗೂ ಆರೋಗ್ಯವಂತರಿಗೂ ಇರುವ ವ್ಯತ್ಯಾಸ 2%. ಇದನ್ನು 80% ಪವರ್‌ನಲ್ಲಿ (ಅಂದರೆ ನೂರಕ್ಕೆ 80 ಸಲ ತಪ್ಪದೆ) ಹಿಡಿಯಲು ಪ್ರತಿ ಗುಂಪಿಗೆ ಸುಮಾರು 480 ಜನ ಬೇಕು. ಗುಂಪಿಗೆ 20 ಜನ ಇಟ್ಟುಕೊಂಡರೆ ಹತ್ತಿರಹತ್ತಿರ 10% ವ್ಯತ್ಯಾಸ ಇದ್ದಾಗ ಮಾತ್ರ ಕೈಗೆ ಸಿಗುತ್ತದೆ. ಮಧುಮೇಹದಂಥ ಕಾಯಿಲೆಯಲ್ಲಿ ರಕ್ತದ ಮಿಥೈಲೇಶನ್ ವ್ಯತ್ಯಾಸಗಳು ಸಾಮಾನ್ಯವಾಗಿ ಅಷ್ಟು ದೊಡ್ಡವಲ್ಲ. ಅಂದರೆ ನಿಮಗೆ ಸಿಗುವುದು ಬಹುಪಾಲು ಗದ್ದಲ (ನಾಯ್ಸ್), ಸಿಗ್ನಲ್ ಅಲ್ಲ. ಆಮೇಲೆ 'ಮೇಲಿನ 100 ಸಿಪಿಜಿ' ಎಂದು ಪಟ್ಟಿ ಮಾಡಿ ಪಾಥ್‌ವೇ ಚಿತ್ರ ಹಾಕುವ ಒತ್ತಡ ಬರುತ್ತದೆ. ಅಂಥ ಪೇಪರ್‌ಗಳು ಈಗಾಗಲೇ ಬೇಕಾದಷ್ಟಿವೆ, ಅವು ಯಾರಿಗೂ ಉಪಯೋಗಕ್ಕೆ ಬಂದಿಲ್ಲ.

ಎರಡನೆಯದು ಇನ್ನೂ ಮುಖ್ಯ. ರಕ್ತ ಒಂದೇ ಅಂಗಾಂಶವಲ್ಲ. ನ್ಯೂಟ್ರೋಫಿಲ್, ಸಿಡಿ4, ಸಿಡಿ8, ಬಿ ಕೋಶ, ಎನ್‌ಕೆ ಕೋಶ, ಮೋನೋಸೈಟ್, ಪ್ರತಿಯೊಂದಕ್ಕೂ ಅದರದೇ ಮಿಥೈಲೇಶನ್ ವಿನ್ಯಾಸ. ಒಂದು ತಾಣ ನ್ಯೂಟ್ರೋಫಿಲ್‌ನಲ್ಲಿ 80%, ಲಿಂಫೋಸೈಟ್‌ನಲ್ಲಿ 20% ಮಿಥೈಲ್ ಆಗಿದೆ ಎನ್ನಿ. ನ್ಯೂಟ್ರೋಫಿಲ್ ಪಾಲು 55% ಇದ್ದವರಲ್ಲಿ ಸರಾಸರಿ 53% ಬರುತ್ತದೆ. ಸ್ವಲ್ಪ ಉರಿಯೂತ ಇದ್ದು ಆ ಪಾಲು 65%ಕ್ಕೆ ಏರಿದವರಲ್ಲಿ 59%. ಒಂದೇ ಒಂದು ಕೋಶದ ಮಿಥೈಲೇಶನ್ ಬದಲಾಗದೆ 6% 'ವ್ಯತ್ಯಾಸ' ಹುಟ್ಟಿತು! 2012ರಲ್ಲಿ ಬಂದ ಹೌಸ್‌ಮನ್ ವಿಧಾನದಿಂದ ಅರೇ ದತ್ತಾಂಶದಲ್ಲೇ ಕೋಶಗಳ ಪಾಲನ್ನು ಅಂದಾಜು ಮಾಡಬಹುದು, ಮಾಡಲೇಬೇಕು. ಅದರ ಜೊತೆಗೆ ಅದೇ ಸೂಜಿಯಲ್ಲಿ ತೆಗೆದ ರಕ್ತದಿಂದ ಡಿಫರೆನ್ಶಿಯಲ್ ಕೌಂಟ್ ಮಾಡಿಸಿಟ್ಟುಕೊಳ್ಳಿ. ಯಾವ ಆಸ್ಪತ್ರೆಯಲ್ಲೂ ಆಗುವ ಅಗ್ಗದ ಪರೀಕ್ಷೆ. ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಆ ದಿನದ ಕೌಂಟ್ ವಾಪಸ್ ಸಿಗುವುದಿಲ್ಲ.

ಮೂರನೆಯದು ಔಷಧಿ. ನಿಮ್ಮ 20 ರೋಗಿಗಳೂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಆರೋಗ್ಯವಂತರಲ್ಲಿ ಒಬ್ಬರೂ ಇಲ್ಲ ಎಂದಾದರೆ ಕಾಯಿಲೆಯನ್ನೂ ಮಾತ್ರೆಯನ್ನೂ ಬೇರ್ಪಡಿಸಲು ಯಾವ ಸಂಖ್ಯಾಶಾಸ್ತ್ರಕ್ಕೂ ಸಾಧ್ಯವಿಲ್ಲ.

ಮಧುಮೇಹವನ್ನೇ ಹಿಡಿಯಬೇಕು ಎಂದಿದ್ದರೆ ಗುರಿ ಕಿರಿದು ಮಾಡಿ. 2015ರಲ್ಲಿ ಲಂಡನ್‌ನ ಭಾರತೀಯ ಮೂಲದವರಲ್ಲಿ ನಡೆದ ದೊಡ್ಡ ಅಧ್ಯಯನ ಎಬಿಸಿಜಿ1, ಫಾಸ್ಫೋ1, ಎಸ್‌ಒಸಿಎಸ್3, ಎಸ್‌ಆರ್‌ಇಬಿಎಫ್1, ಟಿಎಕ್ಸ್‌ಎನ್‌ಐಪಿ ಎಂಬ ಐದು ತಾಣಗಳನ್ನು ತೋರಿಸಿತು. ಮುಂದೆ ಮಧುಮೇಹ ಬರುವವರಲ್ಲಿ ಮೊದಲೇ ಈ ಬದಲಾವಣೆ ಕಂಡಿತ್ತು. ಇದರಲ್ಲಿ ಒಂದೇ ತಾಣ ಆರಿಸಿ ನಮ್ಮ ಕಡೆಯ ಜನರಲ್ಲಿ ನೋಡುತ್ತೀರಿ ಎಂದಾದರೆ ಪಿ ಮೌಲ್ಯದ ಮಿತಿ 0.05 ಸಾಕು. ಅದೇ 2% ವ್ಯತ್ಯಾಸಕ್ಕೆ ಗುಂಪಿಗೆ ಸುಮಾರು 100 ಜನ. ಇದು ನಿಮ್ಮ ಕೈಗೆ ಎಟುಕುವ ಕೆಲಸ. ಆದರೆ ಟಿಎಕ್ಸ್‌ಎನ್‌ಐಪಿ ರಕ್ತದ ಸಕ್ಕರೆಗೆ ನೇರವಾಗಿ ಸ್ಪಂದಿಸುವ ಜೀನ್. ಅಲ್ಲಿ ಮಿಥೈಲೇಶನ್ ಕಮ್ಮಿ ಕಂಡರೆ ಅದು ಕಾಯಿಲೆಯ ಕಾರಣವೋ ಪರಿಣಾಮವೋ ಎಂದು ಒಂದು ಸಲ ತೆಗೆದ ರಕ್ತದಿಂದ ಹೇಳಲಾಗದು. ಪೇಪರ್‌ನಲ್ಲಿ 'ಕಾರಣ' ಎಂಬ ಪದ ಬಳಸಬೇಡಿ.

ಉತ್ತರ: ಮುದ್ರೆ15

ಬೀಟಾವ್ಯಾಲ್ಯೂ ಅವರ ಲೆಕ್ಕ ಸರಿ. ಆದರೆ 100 ಜನ ಮಧುಮೇಹಿಗಳ ಹಿಂದೆ ಹೋಗುವುದಕ್ಕಿಂತ ಕಾಯಿಲೆಯನ್ನೇ ಬದಲಿಸಿ ಎನ್ನುತ್ತೇನೆ. ಕಡಿಮೆ ಹಣ, ಪಿಸಿಆರ್ ಮಾತ್ರ ಇರುವ ಲ್ಯಾಬ್ ಎಂದರೆ ಮಿಥೈಲೇಶನ್ ವ್ಯತ್ಯಾಸ 2% ಇರುವ ಕಡೆ ಹೋಗಬಾರದು, 50% ಇರುವ ಕಡೆ ಹೋಗಬೇಕು. ಅಂಥವು ಇಂಪ್ರಿಂಟಿಂಗ್ ಕಾಯಿಲೆಗಳು, ಅಂದರೆ ತಂದೆಯಿಂದ ಬಂದದ್ದೋ ತಾಯಿಯಿಂದ ಬಂದದ್ದೋ ಒಂದೇ ಪ್ರತಿ ಕೆಲಸ ಮಾಡುವ ಜೀನ್‌ಗಳು ಕೆಟ್ಟು ಬರುವಂಥವು. ಇವುಗಳಲ್ಲಿ ವ್ಯತ್ಯಾಸ ದೊಡ್ಡದು, ಸಾಮಾನ್ಯವಾಗಿ ಎಲ್ಲ ಕೋಶದಲ್ಲೂ ಇರುತ್ತದೆ, ಹಾಗಾಗಿ ರಕ್ತ ಸಾಕು. ಅದಕ್ಕೂ ಮೇಲೆ, ಬರುವ ಉತ್ತರ ಒಂದು ಮಗುವಿಗೂ ಅದರ ತಂದೆ ತಾಯಿಗೂ ನಿಜವಾಗಿ ಬೇಕಾಗಿರುತ್ತದೆ.

ಪ್ರಾಡರ್-ವಿಲ್ಲಿ ಮತ್ತು ಏಂಜೆಲ್‌ಮನ್ ಸಿಂಡ್ರೋಮ್‌ನಿಂದ ಶುರು ಮಾಡಿ. ಎರಡೂ 15ನೇ ಕ್ರೋಮೋಸೋಮಿನ ಕ್ಯೂ11-ಕ್ಯೂ13 ಭಾಗಕ್ಕೆ ಸೇರಿದವು. ಅಲ್ಲಿನ ಎಸ್‌ಎನ್‌ಆರ್‌ಪಿಎನ್ ಜೀನ್‌ನ ಪ್ರೊಮೋಟರ್ ತಾಯಿಯಿಂದ ಬಂದ ಪ್ರತಿಯಲ್ಲಿ ಮಿಥೈಲ್ ಆಗಿರುತ್ತದೆ, ತಂದೆಯಿಂದ ಬಂದದ್ದರಲ್ಲಿ ಇರುವುದಿಲ್ಲ. ತಂದೆಯ ಪ್ರತಿ ಇಲ್ಲದಿದ್ದರೆ ಪ್ರಾಡರ್-ವಿಲ್ಲಿ: ಹುಟ್ಟಿದಾಗ ಮೈ ಜೋತುಬಿದ್ದಂತೆ ಇರುವ, ಹಾಲು ಚೀಪಲಾಗದ ಕೂಸು, ಕೆಲವು ವರ್ಷಗಳಲ್ಲಿ ತಡೆಯಲಾಗದ ಹಸಿವು, ಬೊಜ್ಜು. ತಾಯಿಯ ಪ್ರತಿಯ ಕೆಲಸ ನಿಂತರೆ ಏಂಜೆಲ್‌ಮನ್: ಮಾತು ಬಾರದಿರುವುದು, ಫಿಟ್ಸ್, ನಡಿಗೆಯಲ್ಲಿ ತೂರಾಟ.

ಬೈಸಲ್ಫೈಟ್ ಎಂಬ ರಾಸಾಯನಿಕ ಮಿಥೈಲ್ ಇಲ್ಲದ ಸೈಟೊಸಿನ್ ಅನ್ನು ಯುರಾಸಿಲ್ ಮಾಡುತ್ತದೆ, ಮಿಥೈಲ್ ಇದ್ದದ್ದನ್ನು ಹಾಗೇ ಬಿಡುತ್ತದೆ (ಇದಕ್ಕೆ ಕನ್ವರ್ಷನ್ ಎನ್ನುತ್ತಾರೆ). ಅದನ್ನು ಹಾಕಿದ ಡಿಎನ್‌ಎಯಲ್ಲಿ ಮಿಥೈಲೇಶನ್-ಸ್ಪೆಸಿಫಿಕ್ ಪಿಸಿಆರ್ ಮಾಡಿದರೆ ಮಾಮೂಲಿ ಜೆಲ್‌ನಲ್ಲೇ ಉತ್ತರ ಕಾಣುತ್ತದೆ. 1997ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಪ್ರೈಮರ್ ಜೋಡಿಗಳಲ್ಲಿ ತಾಯಿಯ ಪ್ರತಿಗೆ 174 ಬೇಸ್ ಜೋಡಿಯ ಬ್ಯಾಂಡ್, ತಂದೆಯ ಪ್ರತಿಗೆ 100ರ ಬ್ಯಾಂಡ್. ಎರಡೂ ಇದ್ದರೆ ಸಹಜ. 174 ಮಾತ್ರ ಇದ್ದರೆ ಪ್ರಾಡರ್-ವಿಲ್ಲಿ, 100 ಮಾತ್ರ ಇದ್ದರೆ ಏಂಜೆಲ್‌ಮನ್. ಈ ಗಾತ್ರಕ್ಕೆ 3% ಅಗರೋಸ್ ಹಾಕಿ, 1%ರಲ್ಲಿ ಬೇರ್ಪಡುವುದಿಲ್ಲ.

ಈ ಪರೀಕ್ಷೆ ಏನು ಹೇಳುವುದಿಲ್ಲ ಎಂಬುದೂ ಗೊತ್ತಿರಲಿ. ಪ್ರಾಡರ್-ವಿಲ್ಲಿಯಲ್ಲಿ 99%ಕ್ಕೂ ಹೆಚ್ಚು ಪ್ರಕರಣ ಸಿಗುತ್ತವೆ. ಏಂಜೆಲ್‌ಮನ್‌ನಲ್ಲಿ ಸುಮಾರು 80% ಮಾತ್ರ, ಏಕೆಂದರೆ ಯುಬಿಇ3ಎ ಜೀನ್‌ನ ಮ್ಯುಟೇಶನ್‌ನಿಂದ ಬಂದವರಲ್ಲಿ ಮಿಥೈಲೇಶನ್ ಸಹಜವಾಗೇ ಇರುತ್ತದೆ. ಆದ್ದರಿಂದ ಜೆಲ್ ಸಹಜ ಕಂಡಿತೆಂದು 'ಏಂಜೆಲ್‌ಮನ್ ಅಲ್ಲ' ಎಂದು ಬರೆಯಬಾರದು. ಬ್ಯಾಂಡ್ ಇಲ್ಲದ್ದಕ್ಕೆ ಕಾರಣ ಡಿಲೀಷನ್ನೋ (ಆ ತುಂಡೇ ಕಳಚಿಹೋಗಿರುವುದು), ಎರಡೂ ಕ್ರೋಮೋಸೋಮ್ ಒಬ್ಬರಿಂದಲೇ ಬಂದ ಯೂನಿಪೇರೆಂಟಲ್ ಡೈಸೋಮಿಯೋ, ಇಂಪ್ರಿಂಟಿಂಗ್ ಕೇಂದ್ರದ ದೋಷವೋ ಎಂಬುದೂ ಇದರಿಂದ ತಿಳಿಯದು. ಪ್ರಾಡರ್-ವಿಲ್ಲಿಯಲ್ಲಿ ಡಿಲೀಷನ್ 65ರಿಂದ 75%, ಡೈಸೋಮಿ 20ರಿಂದ 30%, ಇಂಪ್ರಿಂಟಿಂಗ್ ದೋಷ 1ರಿಂದ 3%. ಮುಂದಿನ ಮಗುವಿಗೆ ಬರುವ ಸಾಧ್ಯತೆ ಎಷ್ಟು ಎಂಬುದು ಇದರ ಮೇಲೆಯೇ ನಿಂತಿದೆ, ಹಾಗಾಗಿ ಎರಡನೇ ಹಂತ ಬೇಕೇ ಬೇಕು. ಎಂಎಸ್-ಎಂಎಲ್‌ಪಿಎ ಕಿಟ್ ಎಚ್‌ಎಚ್‌ಎ1 ಕಿಣ್ವ ಬಳಸಿ ಪ್ರತಿಗಳ ಸಂಖ್ಯೆ, ಮಿಥೈಲೇಶನ್ ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಹೇಳುತ್ತದೆ. ಅದಕ್ಕೆ ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಬೇಕು. ಸ್ಯಾಂಗರ್ ಸೀಕ್ವೆನ್ಸಿಂಗ್ ಸೇವೆ ಕೊಡುವ ಕಡೆ ಫ್ರಾಗ್ಮೆಂಟ್ ಅನಾಲಿಸಿಸ್ ಎಂದು ಕೇಳಿದರೆ ಪ್ಲೇಟ್ ಓಡಿಸಿಕೊಡುತ್ತಾರೆ.

ರೋಗಿಗಳನ್ನು ನೀವಾಗಿ ಹುಡುಕಲು ಹೋಗಬೇಡಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನಿಮ್ಹಾನ್ಸ್, ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ಇಂಥ ಕಡೆ ಮಾತಾಡಿ. ಹೋಗುವಾಗ 'ಸ್ಯಾಂಪಲ್ ಕೊಡಿ' ಎಂದು ಹೋಗದೆ, ಅವರಿಗೆ ಉತ್ತರ ಸಿಗದೆ ಉಳಿದಿರುವ ಪ್ರಕರಣಗಳಲ್ಲಿ ನೀವು ಏನು ನೋಡಬಲ್ಲಿರಿ ಎಂದು ಒಂದು ಪುಟ ಬರೆದುಕೊಂಡು ಹೋಗಿ. ಲೇಖಕರ ಪಟ್ಟಿ, ಉಳಿದ ಡಿಎನ್‌ಎ ಯಾರ ಬಳಿ ಇರುತ್ತದೆ ಎಂಬುದು ಮೊದಲ ದಿನವೇ ಲಿಖಿತದಲ್ಲಿರಲಿ.

ನಿಮ್ಮ ಲ್ಯಾಬ್ ಎನ್‌ಎಬಿಎಲ್ ಮಾನ್ಯತೆ ಪಡೆದಿಲ್ಲವಾದರೆ ನಿಮ್ಮ ಫಲಿತಾಂಶ ರೋಗಿಯ ಕಡತಕ್ಕೆ ರಿಪೋರ್ಟ್ ಆಗಿ ಹೋಗಬಾರದು. ವೈದ್ಯರಿಗೆ ತಿಳಿಸಿ, ಅವರು ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಖಚಿತಪಡಿಸಿಕೊಳ್ಳುತ್ತಾರೆ.

ಹೊಸಬೆಂಚು

ಇಬ್ಬರಿಗೂ ಧನ್ಯವಾದ. ಮುದ್ರೆ15 ಅವರ ದಾರಿ ಮನಸ್ಸಿಗೆ ಹಿಡಿಸಿತು. ಬೈಸಲ್ಫೈಟ್ ಕೆಲಸ ನನಗೆ ಹೊಸದು. ಎಲ್ಲಿ ಕೆಡುತ್ತದೆ ಎಂದು ಯಾರಾದರೂ ವಿವರವಾಗಿ ಹೇಳುತ್ತೀರಾ?

ಉತ್ತರ: ಬೈಸಲ್ಫೈಟ್ ಬೆಂಚ್

ಹೇಳುತ್ತೇನೆ ಸರ್, ಸ್ವಲ್ಪ ಉದ್ದವಾಗುತ್ತದೆ.

ರಕ್ತ ಇಡಿಟಿಎ ಟ್ಯೂಬಿನಲ್ಲೇ ತೆಗೆಸಿ. ಹೆಪಾರಿನ್ ಟ್ಯೂಬ್ ಬೇಡ, ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. 3 ಎಂಎಲ್ ಇದ್ದರೆ ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಡಿಎನ್‌ಎ ಬರುತ್ತದೆ. 260/280 ಅನುಪಾತ 1.8ರ ಆಸುಪಾಸು ಇರಲಿ. ಪ್ರೋಟೀನ್ ಉಳಿದಿದ್ದರೆ ಆ ಜಾಗದಲ್ಲಿ ಡಿಎನ್‌ಎ ಬಿಚ್ಚಿಕೊಳ್ಳುವುದಿಲ್ಲ, ಬೈಸಲ್ಫೈಟ್ ಒಂಟಿ ಎಳೆಯ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಆ ತುಣುಕಿನಲ್ಲಿ ಸೈಟೊಸಿನ್‌ಗಳು ಹಾಗೇ ಉಳಿಯುತ್ತವೆ. ಕೊನೆಗೆ ನೀವು ಅದನ್ನು ಮಿಥೈಲೇಶನ್ ಎಂದು ಓದುತ್ತೀರಿ. ಬೈಸಲ್ಫೈಟ್ ಕೆಲಸದ ಅತಿ ದೊಡ್ಡ ಅಪಾಯ ಇದೇ: ಪ್ರಯೋಗ ಕೆಟ್ಟರೆ ಬ್ಯಾಂಡ್ ಮಾಯವಾಗುವುದಿಲ್ಲ, ತಪ್ಪು ಉತ್ತರ ಅಚ್ಚುಕಟ್ಟಾಗಿ ಬರುತ್ತದೆ.

ಕನ್ವರ್ಷನ್‌ಗೆ 200ರಿಂದ 500 ನ್ಯಾನೋಗ್ರಾಂ ಹಾಕಿ. ಝೈಮೋದ ಗೋಲ್ಡ್ ಕಿಟ್‌ನಲ್ಲಿ 98 ಡಿಗ್ರಿ 10 ನಿಮಿಷ, 64 ಡಿಗ್ರಿ ಎರಡೂವರೆ ಗಂಟೆ. ಕನ್ವರ್ಷನ್ ರಿಯೇಜೆಂಟ್ ಬೆಳಕಿಗೂ ಗಾಳಿಗೂ ಕೆಡುತ್ತದೆ, ಅಗತ್ಯವಿದ್ದಷ್ಟೇ ಕರಗಿಸಿ. ಡೀಸಲ್ಫೊನೇಶನ್ ಹಂತ ಕೋಣೆಯ ತಾಪಮಾನದಲ್ಲಿ 15ರಿಂದ 20 ನಿಮಿಷ. ಮಧ್ಯೆ ಟೀಗೆ ಎದ್ದು ಹೋಗಬೇಡಿ, ಕ್ಷಾರದಲ್ಲಿ ಹೆಚ್ಚು ಹೊತ್ತು ಕುಳಿತರೆ ಡಿಎನ್‌ಎ ಇನ್ನಷ್ಟು ತುಂಡಾಗುತ್ತದೆ. ಕಮ್ಮಿ ಹೊತ್ತಾದರೆ ಸಲ್ಫೊನೇಟ್ ಉಳಿದು ಪಾಲಿಮರೇಸ್ ಅಲ್ಲೇ ನಿಲ್ಲುತ್ತದೆ.

ಕನ್ವರ್ಟ್ ಆದ ಡಿಎನ್‌ಎ ಒಂಟಿ ಎಳೆ, ಯುರಾಸಿಲ್ ತುಂಬಿದ್ದು. ನ್ಯಾನೋಡ್ರಾಪ್‌ನಲ್ಲಿ ಆರ್‌ಎನ್‌ಎ ಸೆಟ್ಟಿಂಗ್ ಇಟ್ಟು ಅಳೆಯಿರಿ, ಅಂದರೆ ಒಂದು ಓಡಿಗೆ ಪ್ರತಿ ಎಂಎಲ್‌ಗೆ 40 ಮೈಕ್ರೋಗ್ರಾಂ. ಪ್ರೂಫ್‌ರೀಡಿಂಗ್ ಪಾಲಿಮರೇಸ್ ಬೇಡ. ಮಾಮೂಲಿ ಪಿಎಫ್‌ಯು ಯುರಾಸಿಲ್ ಕಂಡ ಕೂಡಲೇ ನಿಂತುಬಿಡುತ್ತದೆ. ಹಾಟ್-ಸ್ಟಾರ್ಟ್ ಟ್ಯಾಕ್ ಸಾಕು. ಹಾಟ್-ಸ್ಟಾರ್ಟ್ ಏಕೆಂದರೆ ಸೀಕ್ವೆನ್ಸ್ ಪೂರ್ತಿ ಎ, ಟಿ, ಜಿ ಮಯವಾಗಿರುತ್ತದೆ, ತಣ್ಣಗಿರುವಾಗಲೇ ಪ್ರೈಮರ್ ಎಲ್ಲೆಲ್ಲೋ ಅಂಟುತ್ತದೆ. 35ರಿಂದ 40 ಸೈಕಲ್.

ಪ್ರೈಮರ್ ವಿಷಯದಲ್ಲಿ ಎರಡು ಜಾತಿ ಬೇರೆ ಬೇರೆ ಎಂದು ನೆನಪಿಡಿ. ಸೀಕ್ವೆನ್ಸ್ ಮಾಡುವುದಕ್ಕಾದರೆ ಪ್ರೈಮರ್ ಒಳಗೆ ಸಿಪಿಜಿ ಇರಲೇಬಾರದು. 25ರಿಂದ 30 ಬೇಸ್ ಉದ್ದ, ಉತ್ಪನ್ನ 250-300 ದಾಟಬಾರದು. ಮಿಥೈಲೇಶನ್-ಸ್ಪೆಸಿಫಿಕ್ ಪಿಸಿಆರ್‌ಗಾದರೆ ಸಿಪಿಜಿ ಇರಬೇಕು, ಅದೂ 3 ಪ್ರೈಮ್ ತುದಿಯ ಹತ್ತಿರ. ಎರಡರಲ್ಲೂ ಸಿಪಿಜಿ ಅಲ್ಲದ ಸೈಟೊಸಿನ್‌ಗಳು ಕೆಲವಾದರೂ ಪ್ರೈಮರ್ ಕೂರುವ ಜಾಗದಲ್ಲಿ ಇರಲಿ. ಆಗ ಕನ್ವರ್ಟ್ ಆಗದ ಡಿಎನ್‌ಎ ಮೇಲೆ ಪ್ರೈಮರ್ ಕೂರುವುದಿಲ್ಲ. ಇನ್ನೊಂದು: ಕನ್ವರ್ಷನ್ ಆದಮೇಲೆ ಎರಡು ಎಳೆಗಳು ಒಂದಕ್ಕೊಂದು ಹೊಂದುವುದಿಲ್ಲ. ಯಾವ ಎಳೆ ಎಂದು ಮೊದಲೇ ನಿರ್ಧರಿಸಿ ಪ್ರೈಮರ್ ಬರೆಯಿರಿ.

ಪ್ರತಿ ಓಟದಲ್ಲೂ ಇರಬೇಕಾದವು: ಸಹಜ ಡಿಎನ್‌ಎ, ಖಚಿತವಾದ ಪ್ರಾಡರ್-ವಿಲ್ಲಿ, ಖಚಿತವಾದ ಏಂಜೆಲ್‌ಮನ್, ಬೈಸಲ್ಫೈಟ್ ಹಾಕದ ಡಿಎನ್‌ಎ, ನೀರು. ಬೈಸಲ್ಫೈಟ್ ಹಾಕದ್ದರಲ್ಲಿ ಬ್ಯಾಂಡ್ ಬಂದರೆ ಆ ಪ್ರೈಮರ್ ಬಿಸಾಕಿ. ಸಹಜದಲ್ಲಿ 174 ಮಸುಕಾಗಿ 100 ದಪ್ಪಗೆ ಬಂದರೆ ಗಾಬರಿ ಬೇಡ, ಚಿಕ್ಕ ತುಣುಕು ಬೇಗ ಹೆಚ್ಚುತ್ತದೆ. ಆದರೆ ಅದೇ ಕಾರಣಕ್ಕೆ ಬ್ಯಾಂಡ್ ದಪ್ಪ ನೋಡಿ 'ಮೊಸಾಯಿಕ್ 30%' (ಕೆಲವು ಕೋಶಗಳಲ್ಲಿ ಮಾತ್ರ ದೋಷ) ಎಂದೆಲ್ಲ ಬರೆಯಬಾರದು. ಪ್ರಮಾಣ ಬೇಕಿದ್ದರೆ 0, 25, 50, 75, 100% ಮಿಥೈಲ್ ಆದ ಡಿಎನ್‌ಎ ಬೆರಕೆ ಮಾಡಿ ಕ್ಯಾಲಿಬ್ರೇಶನ್ ಕರ್ವ್ ಹಾಕಿಯೇ ಹೇಳಬೇಕು.

ಮುಂದೆ ಪಿಸಿಆರ್ ತುಣುಕುಗಳನ್ನು ಒಂದೊಂದಾಗಿ ಓದಿಸುವ ಆಂಪ್ಲಿಕಾನ್ ಸೀಕ್ವೆನ್ಸಿಂಗ್‌ಗೆ ಹೊರಗೆ ಕಳಿಸಿದಾಗ ಒಂದು ಭ್ರಮೆ ಕಾಡುತ್ತದೆ. '10,000 ರೀಡ್ ಬಂದಿದೆ, ತುಂಬಾ ನಿಖರ' ಎನಿಸುತ್ತದೆ. 10 ನ್ಯಾನೋಗ್ರಾಂ ಮಾನವ ಡಿಎನ್‌ಎಯಲ್ಲಿ ಇರುವುದೇ ಸುಮಾರು 3,000 ಪ್ರತಿ. ಬೈಸಲ್ಫೈಟ್ ಅದರಲ್ಲಿ ಬಹಳಷ್ಟನ್ನು ತುಂಡರಿಸಿದೆ. 200 ಅಣುಗಳಿಂದ ಶುರುವಾಗಿ 10,000 ರೀಡ್ ಬಂದಿದ್ದರೆ ನಿಮ್ಮ ನಿಖರತೆ 200ರದ್ದೇ. 50% ಮಿಥೈಲ್ ಆದ ತಾಣಕ್ಕೆ 1,000 ಸ್ವತಂತ್ರ ಅಣುವಿದ್ದರೆ ಸ್ಟ್ಯಾಂಡರ್ಡ್ ಎರರ್ 1.6%, 100 ಇದ್ದರೆ 5%. ಹಾಗಾಗಿ ಪಿಸಿಆರ್‌ಗೆ ಹಾಕುವ ಡಿಎನ್‌ಎ ಹೆಚ್ಚಿಸಿ, ರೀಡ್ ಹೆಚ್ಚಿಸುವುದಲ್ಲ.

ಕನ್ವರ್ಷನ್ 99%ಕ್ಕಿಂತ ಮೇಲಿದೆಯೇ ಎಂದು ಸಿಪಿಜಿ ಅಲ್ಲದ ಸೈಟೊಸಿನ್ ಎಣಿಸಿ ನೋಡುತ್ತಾರೆ. ರಕ್ತಕ್ಕೆ ಅದು ಸರಿ. ಮೆದುಳಿನ ಅಂಗಾಂಶಕ್ಕೆ ಅದೇ ಅಳತೆ ಬಳಸಬೇಡಿ, ನ್ಯೂರಾನ್‌ಗಳಲ್ಲಿ ಸಿಪಿಜಿ ಅಲ್ಲದ ಕಡೆಯೂ ನಿಜವಾದ ಮಿಥೈಲೇಶನ್ ಇದೆ. ಅಲ್ಲಿ ಮಿಥೈಲ್ ಇಲ್ಲದ ಲ್ಯಾಂಬ್ಡಾ ಡಿಎನ್‌ಎ ಬೆರೆಸಿ ಅಳೆಯಬೇಕು. ಬೈಸಲ್ಫೈಟ್‌ಗೆ ಮಿಥೈಲ್, ಹೈಡ್ರಾಕ್ಸಿಮಿಥೈಲ್ ಎರಡರ ವ್ಯತ್ಯಾಸವೂ ತಿಳಿಯುವುದಿಲ್ಲ. ರಕ್ತದಲ್ಲಿ ಎರಡನೆಯದು ತೀರಾ ಕಮ್ಮಿ, ಮೆದುಳಿನಲ್ಲಿ ಹಾಗಲ್ಲ.

ಉತ್ತರ: ಪಾಠದ ಕೋಣೆ

ಎಂ.ಎಸ್ಸಿ. ಐಚ್ಛಿಕ ಪತ್ರಿಕೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ಎಪಿಜೆನೆಟಿಕ್ಸ್ ಎಂಬ ಪದ ಕೊಟ್ಟ ವಾಡಿಂಗ್‌ಟನ್, 1942, ಬೆಟ್ಟದ ಚಿತ್ರ ಎಂದು ಶುರು ಮಾಡಿ ಇಡೀ ತಿಂಗಳು ವ್ಯಾಖ್ಯೆಯಲ್ಲೇ ಕಳೆಯುವ ರೂಢಿ ಬಿಡಿ. ಮೊದಲ ತರಗತಿಯಲ್ಲೇ ಪ್ರಾಡರ್-ವಿಲ್ಲಿ, ಏಂಜೆಲ್‌ಮನ್ ಇಡಿ. 'ಇಬ್ಬರು ಮಕ್ಕಳಲ್ಲೂ ಕ್ರೋಮೋಸೋಮಿನ ಒಂದೇ ತುಂಡು ಇಲ್ಲ, ಕಾಯಿಲೆ ಮಾತ್ರ ಬೇರೆ ಬೇರೆ, ಹೇಗೆ?' ಎಂದು ಕೇಳಿ ಅವರನ್ನೇ ಯೋಚಿಸಲು ಬಿಡಿ. ಅಲ್ಲಿಂದ ಮಿಥೈಲ್ ಗುರುತನ್ನು ಬರೆಯುವ ಡಿಎನ್‌ಎಂಟಿ1, 3ಎ, 3ಬಿ ಕಿಣ್ವಗಳಿಗೆ ಹೋಗಬಹುದು, ಡಿಎನ್‌ಎಂಟಿ3ಬಿ ಕೆಟ್ಟರೆ ಐಸಿಎಫ್ ಸಿಂಡ್ರೋಮ್ (ರೋಗನಿರೋಧಕ ಶಕ್ತಿ ಕುಂದುವ ಕಾಯಿಲೆ). ಮಿಥೈಲ್ ಗುರುತನ್ನು ಓದುವ ಪ್ರೋಟೀನ್ ಎಂಇಸಿಪಿ2, ಅದು ಕೆಟ್ಟರೆ ರೆಟ್ ಸಿಂಡ್ರೋಮ್ (ಜೀನ್ ಸಿಕ್ಕಿದ್ದು 1999ರಲ್ಲಿ). ಫ್ರಜೈಲ್ ಎಕ್ಸ್: ಎಫ್‌ಎಂಆರ್1 ಜೀನ್‌ನಲ್ಲಿ ಸಿಜಿಜಿ ಪುನರಾವರ್ತನೆ 200 ದಾಟಿದರೆ ಪ್ರೊಮೋಟರ್ ಮಿಥೈಲ್ ಆಗಿ ಜೀನ್ ಮುಚ್ಚಿಕೊಳ್ಳುತ್ತದೆ. ಬರೆಯುವ ಕಿಣ್ವ, ಓದುವ ಪ್ರೋಟೀನ್, ಮುಚ್ಚಿಹೋದ ಜೀನ್, ಪ್ರತಿಯೊಂದಕ್ಕೂ ಒಂದು ಕಾಯಿಲೆ ಇರುವುದರಿಂದ ಪಾಠ ತಾನೇ ಕಟ್ಟಿಕೊಳ್ಳುತ್ತದೆ.

ಕ್ಯಾನ್ಸರ್‌ನಲ್ಲಿ ಚಿಕಿತ್ಸೆಗೆ ನೇರ ಸಂಬಂಧ ಇರುವುದನ್ನೇ ಆರಿಸಿ. ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಗೆಡ್ಡೆಯಲ್ಲಿ ಎಂಜಿಎಂಟಿ ಪ್ರೊಮೋಟರ್ ಮಿಥೈಲ್ ಆಗಿದ್ದರೆ ಟೆಮೊಝೊಲೊಮೈಡ್ ಔಷಧಿಯಿಂದ ಹೆಚ್ಚು ಪ್ರಯೋಜನ, 2005ರಿಂದ ಗೊತ್ತಿರುವ ವಿಷಯ. ದೊಡ್ಡ ಕರುಳಿನ ಗೆಡ್ಡೆಯಲ್ಲಿ ಎಂಎಲ್‌ಎಚ್1 ಪ್ರೋಟೀನ್ ಕಾಣದಿದ್ದಾಗ ಪ್ರೊಮೋಟರ್ ಮಿಥೈಲ್ ಆಗಿದೆಯೇ ನೋಡಿ ಲಿಂಚ್ ಸಿಂಡ್ರೋಮ್ (ವಂಶದಲ್ಲಿ ಹರಿಯುವ ಕ್ಯಾನ್ಸರ್ ಒಲವು) ಸಾಧ್ಯತೆಯನ್ನು ತೂಗುತ್ತಾರೆ. ಮಿಥೈಲೇಶನ್ ಇಳಿಸುವ ಔಷಧಿಗಳಲ್ಲಿ ಅಝಾಸೈಟಿಡಿನ್ ಅಮೆರಿಕದಲ್ಲಿ 2004ರಲ್ಲಿ, ಡೆಸಿಟಬಿನ್ 2006ರಲ್ಲಿ ಒಪ್ಪಿಗೆ ಪಡೆದವು.

ಡಚ್ ಬರಗಾಲವನ್ನು ಜಾಗ್ರತೆಯಿಂದ ಹೇಳಿ. 1944-45ರ ಚಳಿಗಾಲದಲ್ಲಿ ಗರ್ಭ ಕಟ್ಟುವ ಹೊತ್ತಿಗೆ ಹಸಿವಿಗೆ ಸಿಕ್ಕಿದವರನ್ನು ಆರು ದಶಕದ ನಂತರ ಅವರ ಒಡಹುಟ್ಟಿದವರೊಂದಿಗೆ ಹೋಲಿಸಿದಾಗ ಐಜಿಎಫ್2 ಭಾಗದಲ್ಲಿ ಮಿಥೈಲೇಶನ್ ಸ್ವಲ್ಪ ಕಮ್ಮಿ ಕಂಡಿತು. 2008ರ ಪೇಪರ್, 60 ಜೋಡಿ. ಅದು ಗರ್ಭದಲ್ಲೇ ಇದ್ದವರ ವಿಷಯ. 'ಅಜ್ಜಿಯ ಹಸಿವು ಮೊಮ್ಮಕ್ಕಳ ಜೀನಿನಲ್ಲಿ' ಎಂಬ ಯೂಟ್ಯೂಬ್ ಮಾತಿಗೆ ಅದು ಆಧಾರವಲ್ಲ. ಪರೀಕ್ಷೆಯಲ್ಲಿ ಇದನ್ನೇ ಪ್ರಶ್ನೆಯಾಗಿ ಕೊಡಿ. ಹತ್ತಿರದ ಉದಾಹರಣೆ ಬೇಕಿದ್ದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಶುರುವಾದ ಪಾರ್ಥೆನಾನ್ ಅಧ್ಯಯನವಿದೆ. ಗರ್ಭಿಣಿಯರಿಂದ ಹಿಡಿದು ಮಕ್ಕಳು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಕೊಹಾರ್ಟ್. ಮಧುಮೇಹದಲ್ಲಿ ಕಾರಣ-ಪರಿಣಾಮ ಬೇರ್ಪಡಿಸಲು ಇಂಥದ್ದೇ ಬೇಕು. ಬೀಟಾವ್ಯಾಲ್ಯೂ ಹೇಳಿದ ಹಾಗೆ ಒಂದು ಸಲ ತೆಗೆದ ರಕ್ತದಿಂದ ಆಗದ ಕೆಲಸ ಅದು.

ಪ್ರಾಕ್ಟಿಕಲ್‌ಗೆ ಬೈಸಲ್ಫೈಟ್ ದುಬಾರಿ ಎನಿಸಿದರೆ ಎಚ್‌ಪಿಎ2, ಎಂಎಸ್‌ಪಿ1 ಎಂಬ ಡಿಎನ್‌ಎ ಕತ್ತರಿಸುವ ಕಿಣ್ವಗಳ ಜೋಡಿ ಸಾಕು. ಎರಡೂ ಸಿಸಿಜಿಜಿ ಕತ್ತರಿಸುತ್ತವೆ, ಸಿಪಿಜಿ ಮಿಥೈಲ್ ಆಗಿದ್ದರೆ ಎಚ್‌ಪಿಎ2 ಕತ್ತರಿಸುವುದಿಲ್ಲ. 3 ಮೈಕ್ರೋಗ್ರಾಂ ಮಾನವ ಡಿಎನ್‌ಎಯನ್ನು ಮೂರು ಪಾಲು ಮಾಡಿ: ಕಿಣ್ವ ಇಲ್ಲದ್ದು, ಎಚ್‌ಪಿಎ2, ಎಂಎಸ್‌ಪಿ1. 37 ಡಿಗ್ರಿಯಲ್ಲಿ ರಾತ್ರಿಯಿಡೀ, 1% ಜೆಲ್. ಎಂಎಸ್‌ಪಿ1 ಲೇನ್ ಕೆಳಗಿನವರೆಗೆ ಹರಡಿಕೊಂಡಿರುತ್ತದೆ, ಎಚ್‌ಪಿಎ2 ಲೇನ್ ಬಹುಪಾಲು ಮೇಲೆಯೇ ಉಳಿದಿರುತ್ತದೆ. ಜೀನೋಮಿನ ಬಹುತೇಕ ಸಿಸಿಜಿಜಿ ಮಿಥೈಲ್ ಆಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ವಿದ್ಯಾರ್ಥಿಗಳ ಸ್ವಂತ ರಕ್ತ ಮಾತ್ರ ಬಳಸಬೇಡಿ, ಕೊಂಡ ಡಿಎನ್‌ಎ ಅಥವಾ ಸೆಲ್ ಲೈನ್ ಡಿಎನ್‌ಎ ತನ್ನಿ. ಎಕ್ಸ್ ಕ್ರೋಮೋಸೋಮ್ ನಿಷ್ಕ್ರಿಯತೆಯಂಥ ಪರೀಕ್ಷೆಯಲ್ಲಿ ಯಾರದೋ ಖಾಸಗಿ ವಿಷಯ ಎಲ್ಲರೆದುರು ಜೆಲ್ ಮೇಲೆ ಬಂದುಬಿಡಬಹುದು.

ಕಂಪ್ಯೂಟರ್ ಪ್ರಾಕ್ಟಿಕಲ್‌ಗೆ ಎಲ್ಲರಿಗೂ ತೆರೆದಿರುವ ಜಿಯೋ ದತ್ತಾಂಶ ಸಂಗ್ರಹದ ಜಿಎಸ್‌ಇ42861 ತೆಗೆದುಕೊಳ್ಳಿ. ರುಮಟಾಯ್ಡ್ ಆರ್ಥ್ರೈಟಿಸ್, 689 ಜನರ ರಕ್ತ, 450ಕೆ ಅರೇ (ಎಪಿಕ್‌ಗೆ ಮುಂಚಿನದು), ಧೂಮಪಾನದ ವಿವರವೂ ಇದೆ. ಎಲ್ಲ 689ನ್ನೂ ಲ್ಯಾಪ್‌ಟಾಪ್‌ನಲ್ಲಿ ಓದಿಸಲು ಹೋದರೆ ಮೆಮೊರಿ ಸಾಲದೆ ಆರ್ ತಂತ್ರಾಂಶ ನಿಂತುಹೋಗುತ್ತದೆ, 40 ಆರಿಸಿ. ಎಎಚ್‌ಆರ್‌ಆರ್ ಜೀನ್‌ನ ಸಿಜಿ05575921 ತಾಣವನ್ನು ಮೊದಲು ಪ್ಲಾಟ್ ಮಾಡಿಸಿ. ಸೇದುವವರಲ್ಲಿ ಅದು ಸ್ಪಷ್ಟವಾಗಿ ಇಳಿದಿರುತ್ತದೆ. ಆಮೇಲೆ ರೋಗಿ ಮತ್ತು ಸಹಜ ಹೋಲಿಕೆಯನ್ನು ಕೋಶಗಳ ಪಾಲಿನ ತಿದ್ದುಪಡಿ ಇಲ್ಲದೆ ಒಮ್ಮೆ, ತಿದ್ದುಪಡಿ ಮಾಡಿ ಒಮ್ಮೆ ಮಾಡಿಸಿ. ಪಟ್ಟಿ ಎಷ್ಟು ಕುಗ್ಗುತ್ತದೆ ಎಂದು ನೋಡಿದ ವಿದ್ಯಾರ್ಥಿಗೆ ಮುಂದೆ ಯಾರೂ ಅದನ್ನು ನೆನಪಿಸಬೇಕಾಗಿಲ್ಲ. ಒಂದು ತಾಣದ ಮೌಲ್ಯಗಳು 0, 50, 100ರ ಸುತ್ತ ಮೂರು ಗುಂಪಾಗಿ ನಿಂತಿದ್ದರೆ ಅದು ಮಿಥೈಲೇಶನ್ ಅಲ್ಲ, ಪ್ರೋಬ್ ಕೆಳಗೆ ಎಸ್‌ಎನ್‌ಪಿ (ಜನರ ನಡುವೆ ಬದಲಾಗುವ ಡಿಎನ್‌ಎ ಅಕ್ಷರ) ಇರುವ ಸಾಧ್ಯತೆ ಹೆಚ್ಚು. ಅದನ್ನೂ ಅವರೇ ಹುಡುಕಲಿ.

ಪ್ರಶ್ನೆ: ಎಂಎಸ್ಸಿ ಎರಡನೇ ವರ್ಷ

ಸರ್/ಮೇಡಂ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಿ ಪಾಠಕ್ಕೆ ಬರಬೇಕು ಎಂದಿದ್ದೇನೆ. ಬೆಂಚ್ ಕೆಲಸ ಕಲಿಯಲೋ, ಕೋಡಿಂಗ್ ಕಲಿಯಲೋ?

ಉತ್ತರ: ಬೀಟಾವ್ಯಾಲ್ಯೂ

ಎರಡೂ ಬೇಕಮ್ಮ, ಆದರೆ ಒಂದರಲ್ಲಿ ಆಳ ಇರಲಿ. ಬೆಂಚ್‌ನವರಾದರೂ ಸ್ವಂತ ದತ್ತಾಂಶವನ್ನು ಆರ್‌ನಲ್ಲಿ ಓದಿ ಗುಣಮಟ್ಟ ನೋಡುವಷ್ಟು ಬರಲೇಬೇಕು. ಕೋಡಿಂಗ್‌ನವರಾದರೂ ಒಂದು ಸಲ ಬೈಸಲ್ಫೈಟ್ ಮಾಡಿ ನೋಡಿರಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಕೊಟ್ಟ ಸಂಖ್ಯೆ ಎಲ್ಲಿ ಸುಳ್ಳಾಗಬಹುದು ಎಂದು ತಿಳಿಯುವುದಿಲ್ಲ.

ಪರೀಕ್ಷೆಗಳ ವಿಷಯ: ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ 2023ರಿಂದ ತಿಂಗಳಿಗೆ 37,000, ಎಸ್‌ಆರ್‌ಎಫ್ ಆದಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಡಿಬಿಟಿಯ ಬೆಟ್ ಪರೀಕ್ಷೆಯನ್ನೂ ಬರೆಯಿರಿ. ಪಾಠಕ್ಕೆ ಬರಬೇಕು ಎಂದಿದ್ದರೆ ಕೆ-ಸೆಟ್ ಮುಂದೂಡಬೇಡಿ. 2023ರ ಯುಜಿಸಿ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಆದರೂ ಸಂಶೋಧನೆ ನಡೆಯುವ ಕಡೆ ಪಿಎಚ್.ಡಿ.ಯ ಜೊತೆಗೆ ಪೋಸ್ಟ್‌ಡಾಕ್ ಕೂಡ ಕೇಳುತ್ತಾರೆ ಎಂದು ಲೆಕ್ಕ ಹಾಕಿಕೊಳ್ಳಿ.

ಗೈಡ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಇವನ್ನು ಕೇಳಿ: ರೋಗಿಗಳ ಸ್ಯಾಂಪಲ್ ಈಗಾಗಲೇ ಫ್ರೀಜರ್‌ನಲ್ಲಿ ಇದೆಯೇ, ಇನ್ನು ಮೇಲೆ ಸಂಗ್ರಹಿಸಬೇಕೇ? ಎಥಿಕ್ಸ್ ಸಮಿತಿಯ ಒಪ್ಪಿಗೆ ಸಿಕ್ಕಿದೆಯೇ? ಹಿಂದಿನ ಪೇಪರ್‌ನ ಮೂಲ ದತ್ತಾಂಶವನ್ನು ಎಲ್ಲಿಟ್ಟಿದ್ದಾರೆ? ಸ್ಯಾಂಪಲ್ ಇನ್ನೂ ಬರಬೇಕು ಎಂದರೆ ನಿಮ್ಮ ಐದು ವರ್ಷದಲ್ಲಿ ಎರಡು ಅದಕ್ಕೇ ಹೋಗಬಹುದು. ಇವೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುವ ಗೈಡ್ ಹತ್ತಿರ ಸೇರಬೇಡಿ.

ಹೊಸಬೆಂಚು

ಅರೇ ಆರ್ಡರ್ ಬಿಟ್ಟೆ. ಪ್ರಾಡರ್-ವಿಲ್ಲಿ, ಏಂಜೆಲ್‌ಮನ್ ಮೇಲೆ ಎಥಿಕ್ಸ್ ಅರ್ಜಿ ಬರೆಯುತ್ತಿದ್ದೇನೆ. ಒಪ್ಪಿಗೆ ಪತ್ರದಲ್ಲಿ ಬಿಡಬಾರದ ಅಂಶ ಏನಾದರೂ ಇದೆಯೇ?

ಉತ್ತರ: ಮುದ್ರೆ15

ಒಂದು ಇದೆ, ಬಹಳ ಜನ ಬಿಡುತ್ತಾರೆ. ಡೈಸೋಮಿ ಖಚಿತಪಡಿಸಲು ಮಗು, ತಾಯಿ, ತಂದೆ ಮೂವರ ಡಿಎನ್‌ಎಯಲ್ಲಿ ಮೈಕ್ರೋಸ್ಯಾಟಲೈಟ್ ನೋಡುತ್ತೀರಿ. ಅದರಲ್ಲಿ ಪಿತೃತ್ವ ಹೊಂದುವುದಿಲ್ಲ ಎಂಬುದು ತಾನಾಗಿಯೇ ಕಾಣಬಹುದು. ಅಂಥದ್ದು ಕಂಡರೆ ತಿಳಿಸುತ್ತೀರೋ ಇಲ್ಲವೋ, ತಿಳಿಸುವುದಾದರೆ ಯಾರಿಗೆ ಎಂಬುದನ್ನು ರಕ್ತ ತೆಗೆಯುವ ಮೊದಲೇ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ತೀರ್ಮಾನಿಸಿ ಅರ್ಜಿಯಲ್ಲಿ ಬರೆಯಿರಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಉಳಿದ ಡಿಎನ್‌ಎಯನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಲು ಬೇರೆಯೇ ಸಹಿ ಜಾಗ ಕೊಡಿ, ಅದಕ್ಕೆ ಬೇಡ ಎಂದವರೂ ಅಧ್ಯಯನದಲ್ಲಿ ಇರಬಹುದು. ಹೊರದೇಶದ ಲ್ಯಾಬ್ ಜೊತೆ ಸೇರಿ ಮಾಡುವುದಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು, ಆ ಸಮಯವನ್ನು ಪ್ರಾಜೆಕ್ಟ್ ಅವಧಿಯಲ್ಲಿ ಮೊದಲೇ ಸೇರಿಸಿ.

ಕಂಟ್ರೋಲ್ ಡಿಎನ್‌ಎ ವಿಷಯವನ್ನೂ ಸಹಯೋಗದ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಖಚಿತಪಟ್ಟ ಪ್ರಾಡರ್-ವಿಲ್ಲಿ, ಏಂಜೆಲ್‌ಮನ್ ಒಂದೊಂದಾದರೂ ನಿಮ್ಮ ಫ್ರೀಜರ್‌ನಲ್ಲಿ ಇಲ್ಲದೆ ಮೊದಲ ರೋಗಿಯ ಸ್ಯಾಂಪಲ್ ಓಡಿಸಬೇಡಿ.